ಸೋರುವ ಜೇನು

ಹೀದರ್ ಹೂವಿನ ಜೇನು ಹರಿಯುವುದಿಲ್ಲ. ಜಾಡಿಯನ್ನು ಬುಡಮೇಲು ಮಾಡಿದರೂ ಗಟ್ಟಿ ಮೊಸರಿನ ಹಾಗೆ ಒಂದಿಷ್ಟು ನಡುಗಿ ಅಲ್ಲೇ ಕೂತಿರುತ್ತದೆ. ಚಮಚದಲ್ಲಿ ತೋಡಿ ತೆಗೆಯಬೇಕು. ಬಟ್ಟೆಯ ಮೇಲೆ ಹಚ್ಚಿದರೆ ಹಚ್ಚಿದಲ್ಲೇ ನಿಲ್ಲುತ್ತದೆ. ನಮ್ಮ ಝೂಕಿಯಾ ಸೀಮೆಯಲ್ಲಿ ಮಕ್ಕಳಿಗೂ ಗೊತ್ತಿರುವ ಸಂಗತಿ ಇದು. ಲಿಂಡೆನ್ ಮರದ ಹೂವಿನ ಜೇನು ಕೆಮ್ಮಿಗೆ, ಹೀದರ್ ಜೇನು ಗಾಯಕ್ಕೆ.

ಕಳೆದ ನವೆಂಬರ್ ಒಂಬತ್ತರ ಬೆಳಗ್ಗೆ ಅಮ್ಮನ ಪಾದದ ಕಟ್ಟು ಬಿಚ್ಚಿದಾಗ ಜೇನು ಕಟ್ಟನ್ನು ದಾಟಿ, ಕಾಲುಚೀಲ ನೆನೆಸಿ, ಹಾಸಿಗೆಗೂ ಅಂಟಿತ್ತು.

"ಯಾಕೇ ಹೀಗೆ ಸೋರ್ತಿದೆ ಇದು?" ಎಂದಳು ಅಮ್ಮ.

"ಜಾಡಿ ಒಲೆ ಹತ್ರ ಇತ್ತಮ್ಮ. ಬೆಚ್ಚಗಾಗಿ ನೀರಾಗಿದೆ."

ಜಾಡಿ ಒಲೆಯ ಹತ್ತಿರ ಇರಲಿಲ್ಲ. ತಣ್ಣನೆಯ ಉಗ್ರಾಣದ ಕಿಟಕಿಯಲ್ಲಿತ್ತು. ಅಮ್ಮ ಹೂಂ ಎಂದು ಕಾಲು ಮುಂದೆ ಚಾಚಿದಳು. ನಾನು ಹೊಸ ಬಟ್ಟೆಗೆ ಅದೇ ಜೇನನ್ನು ಸುರಿದು ಕಟ್ಟಿದೆ. ಸುರಿದೆ ಎಂದೇ ಬರೆಯಬೇಕು, ಹಚ್ಚುವಷ್ಟು ಅದು ಗಟ್ಟಿಯಿರಲಿಲ್ಲ.

ಅಮ್ಮ ಸ್ತೆಫಾನಿಯಾ ನಮ್ಮೂರಿನ ಅಂಚೆಯವಳು. ಇಪ್ಪತ್ತಾರು ವರ್ಷ ಸೈಕಲ್ ತುಳಿದು, ಹಿಮ ಬಿದ್ದಾಗ ನಡೆದು, ಕಾಡಿನೊಳಗಿನ ಒಂಟಿ ಮನೆಗಳಿಗೆಲ್ಲ ಕಾಗದ, ಪಿಂಚಣಿ ಮುಟ್ಟಿಸಿದವಳು. ಕಾಗದದ ಜೊತೆಗೆ ಯಾರ ಹಸು ಈಯಿತು, ಯಾರ ಸೊಸೆ ಮುನಿದು ಹೋದಳು ಎನ್ನುವುದನ್ನೂ ಮುಟ್ಟಿಸುತ್ತಿದ್ದಳು. ಅವಳ ಹೊಟ್ಟೆಯಲ್ಲಿ ನಾನು ಹೇಗೆ ಹುಟ್ಟಿದೆನೋ ಎಂದು ಊರವರು ನಗುತ್ತಾರೆ. ನಾನು ಅಂಗಡಿಯಲ್ಲಿ ಬ್ರೆಡ್ ಕೇಳಲೂ ಎರಡು ಸಲ ಗಂಟಲು ಸರಿಮಾಡಿಕೊಳ್ಳುವವಳು. ರಾಜಧಾನಿ ವಿಲ್ನಿಯಸ್‌ನಲ್ಲಿ ಇತಿಹಾಸ ಓದಿ ಬಂದು ಊರಿನ ಓದುಮನೆಯಲ್ಲಿ ವಾರಕ್ಕೆ ಮೂರು ದಿನ ಪುಸ್ತಕ ಕೊಡುತ್ತೇನೆ. ಬರುವವರು ಕಡಿಮೆ. ನನಗೆ ಅದೇ ಹಿತ.

ಅಮ್ಮನಿಗೆ ಆರು ವರ್ಷದಿಂದ ಸಕ್ಕರೆ ಕಾಯಿಲೆ. ಪಾದದ ಅಡಿ ಮರಗಟ್ಟಿ, ಮುಳ್ಳು ಚುಚ್ಚಿದರೂ ತಿಳಿಯುತ್ತಿರಲಿಲ್ಲ. ಕಣ್ಣೂ ಮಂಜಾಗಿತ್ತು, ವಿಳಾಸಗಳನ್ನು ಮೂಗಿನ ಹತ್ತಿರ ಹಿಡಿದು ಓದುತ್ತಿದ್ದಳು. ಸೆಪ್ಟೆಂಬರಿನಲ್ಲಿ ಕೊಂಡ ಹೊಸ ಬೂಟು ಹೆಬ್ಬೆರಳಿನ ಬುಡದಲ್ಲಿ ಕಚ್ಚಿದ್ದನ್ನು ಅವಳು ಕಂಡಿರಲಿಲ್ಲ. ಬಟ್ಟೆ ಒಗೆಯುವಾಗ ಕಾಲುಚೀಲದಲ್ಲಿ ಒಣಗಿದ ರಕ್ತ ನೋಡಿ ನಾನೇ ಕೇಳಿದ್ದು.

ಮೂರು ಹಳ್ಳಿಗೆ ಒಬ್ಬಳೇ ನರ್ಸ್, ಬ್ರೊನೆ. ಅವಳು ಬಂದು ನೋಡಿ ಹುಬ್ಬು ಗಂಟಿಕ್ಕಿದಳು.

"ಅಕ್ಕಾ, ಅಂಗಿ ಗುಂಡಿಯಷ್ಟಿದೆ ಅಂತ ಸಸಾರ ಮಾಡಬೇಡಿ. ಸಕ್ಕರೆ ಇರೋರ ಕಾಲು ಇದು. ಪೇಟೆ ಆಸ್ಪತ್ರೆಗೆ ನಡೀರಿ."

"ಹೋದ್ರೆ ಮಲಗಿಸ್ತಾರೆ. ನಾನು ಮಲಗಿದ್ರೆ ಅಂಚೆ ನೀನು ಹಂಚ್ತೀಯೇನೇ?"

"ಹಾಗಾದ್ರೆ ಇದಾದ್ರೂ ಹಚ್ಕೊಳ್ಳಿ." ಬ್ರೊನೆ ಚೀಲದಿಂದ ಒಂದು ಟ್ಯೂಬ್ ತೆಗೆದಳು. "ಗಾಯಕ್ಕೇ ಅಂತ ಮಾಡಿರೋ ಜೇನು. ಸೋಸಿ, ಕ್ರಿಮಿ ಕೊಂದು ತುಂಬಿರ್ತಾರೆ."

ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಟ್ಯೂಬಲ್ಲಿ ಜೇನು! ಹಲ್ಲುಜ್ಜೋಕಾ? ಎತ್ತಿಡೇ ಅದನ್ನ. ನಮ್ಮ ಜೇನುನೆಂಟರ ಜಾಡಿ ಮನೇಲಿರುವಾಗ ಯಾರದೋ ಜೇನು ಹಚ್ಕೊಂಡು ನಾಳೆ ಅವರ ಮುಖ ಹೇಗೆ ನೋಡ್ಲಿ?"

ಬ್ರೊನೆ ವಾದಿಸಲಿಲ್ಲ. ಮೂರು ವರ್ಷದ ಹಿಂದೆ ಕುದಿನೀರು ಬಿದ್ದು ಸುಟ್ಟ ಅಮ್ಮನ ಮುಂಗೈ ಆ ಜೇನಿನಲ್ಲೇ ಕಲೆ ಉಳಿಯದ ಹಾಗೆ ವಾಸಿಯಾದದ್ದನ್ನು ಅವಳೇ ಕಂಡಿದ್ದಳು. ಟ್ಯೂಬನ್ನು ಚೀಲಕ್ಕೆ ಹಾಕಿಕೊಂಡು, ನನ್ನ ಕೈಗೆ ಕೆಲವು ತೆಳು ಪ್ಲಾಸ್ಟಿಕ್ ಹಾಳೆ ಕೊಟ್ಟಳು.

"ಭಾನುವಾರಕ್ಕೊಂದ್ಸಲ ಗಾಯದ ಮೇಲೆ ಹಾಳೆ ಇಟ್ಟು ಪೆನ್ನಲ್ಲಿ ಅಂಚು ಬರಿ. ಗೆರೆ ಒಳಗೆ ಬರ್ತಾ ಹೋಗ್ಬೇಕು. ಹೊರಗೆ ಹೋಯ್ತೋ, ನಂಗೆ ಫೋನ್ ಮಾಡು. ನಿಮ್ಮಮ್ಮ ಬೈದ್ರೆ ಬೈಸ್ಕೋ."

ಜೇನುನೆಂಟಸ್ತಿಕೆ ನಮ್ಮಲ್ಲಿ ರಕ್ತದ ನೆಂಟಸ್ತಿಕೆಗಿಂತ ಒಂದು ಗುಲಗಂಜಿ ಹೆಚ್ಚು. ಒಂದು ಮನೆಯ ಗೂಡಿನಿಂದ ಎದ್ದ ಹಿಂಡು ಇನ್ನೊಂದು ಮನೆಯ ಮರದಲ್ಲಿ ಹೋಗಿ ಕೂತರೆ ಆ ಎರಡೂ ಮನೆಯವರು ಜೇನುನೆಂಟರು. ಅವರ ನಡುವೆ ಮಾರುವುದಿಲ್ಲ, ಕೊಳ್ಳುವುದಿಲ್ಲ, ಜಗಳವಾಡುವುದಿಲ್ಲ. ನನಗೆ ಮೂರು ವರ್ಷವಿದ್ದಾಗ ಜಿಗ್ಮಾಸ್ ಮಾಮನ ಹಿಂಡು ನಮ್ಮ ಸೇಬಿನ ಮರಕ್ಕೆ ಬಂದಿತಂತೆ. ಅಪ್ಪ ತೀರಿಕೊಂಡ ದಿನ ನಮ್ಮ ನಾಲ್ಕು ಗೂಡುಗಳನ್ನು ಒಂದೊಂದಾಗಿ ತಟ್ಟಿ, "ನಿಮ್ಮ ಯಜಮಾನ ಹೋದ, ನೀವು ಹೋಗಬೇಡಿ" ಎಂದು ಹೇಳಿದವರು ಅವರೇ. ಆ ನಾಲ್ಕನ್ನೂ ತಮ್ಮ ಅಂಗಳಕ್ಕೆ ಒಯ್ದು ತಮ್ಮ ಒಂಬತ್ತರ ಜೊತೆ ಸಾಕಿದರು. ವರ್ಷವರ್ಷವೂ ಸೆಪ್ಟೆಂಬರಿನಲ್ಲಿ ಮೂರು ಜಾಡಿ ಹೀದರ್ ಜೇನು ತಂದು ನಮ್ಮ ಮೇಜಿನ ಮೇಲಿಟ್ಟು, ಟೋಪಿ ತೆಗೆದು ಅಪ್ಪನ ಫೋಟೋದ ಕಡೆ ಒಂದು ಸಲ ನೋಡಿ ಕೂರುತ್ತಿದ್ದರು.

ಜೇನುನೆಂಟರು ಕೊಟ್ಟ ಜಾಡಿಯನ್ನು ಯಾರೂ ಬೆಳಕಿಗೆ ಹಿಡಿದು ನೋಡುವುದಿಲ್ಲ. ಸುಳ್ಳಿರುವ ಮನೆಯಲ್ಲಿ ಜೇನು ನಿಲ್ಲುವುದಿಲ್ಲ, ಅಂದಮೇಲೆ ಜೇನು ಸಾಕುವವನು ಸುಳ್ಳನಾಗಿರಲಾರ ಎನ್ನುವುದು ನಮ್ಮವರ ಲೆಕ್ಕ. ಪರೀಕ್ಷೆ ಮಾಡಿದರೆ ಕಳ್ಳ ಎಂದ ಹಾಗೆ. ಒಂದು ಸಲ ಹಾಗೆ ಮಾತು ಬಂದರೆ ಎರಡು ಮನೆಯವರೂ ಇಗರ್ಜಿಯಲ್ಲಿ ಬೇರೆ ಬೇರೆ ಬೆಂಚಿಗೆ ಹೋಗುತ್ತಾರೆ, ಮೊಮ್ಮಕ್ಕಳ ಕಾಲದವರೆಗೂ. ಅಪ್ಪನ ಕಡೆಯವರು ಎಂದು ನಮಗೆ ಉಳಿದಿದ್ದವರು ಜಿಗ್ಮಾಸ್ ಮಾಮ ಒಬ್ಬರೇ.

ಅಕ್ಟೋಬರಿನಲ್ಲಿ ಅವರು ಒಂದು ಬುಟ್ಟಿ ಅಣಬೆ ಹಿಡಿದು ಬಂದರು. ಅಮ್ಮ ಕಾಲನ್ನು ಸ್ಟೂಲಿನ ಮೇಲೆ ಇಟ್ಟುಕೊಂಡು ಅಂಚೆ ವಿಂಗಡಿಸುತ್ತಿದ್ದಳು.

"ಏನಾಯ್ತು ಸ್ತೆಫಾ?"

"ಬೂಟು ಕಚ್ತು ನೆಂಟ್ರೇ. ನೀವು ಕೊಟ್ಟದ್ದೇ ಹಚ್ತಿದೀನಿ. ಎರಡು ವಾರ, ಆಮೇಲೆ ನಿಮ್ಮ ಜೊತೆ ಪೋಲ್ಕಾ ಕುಣೀತೀನಿ."

ಅವರು ಬುಟ್ಟಿಯನ್ನು ಇಟ್ಟರು, ಮತ್ತೆ ಎತ್ತಿ ಇನ್ನೊಂದು ಕಡೆ ಇಟ್ಟರು. "ಜೇನೇನೋ ಸರಿ. ಆಸ್ಪತ್ರೆಗೂ ಒಂದ್ಸಲ ಹೋಗಿ ಬಂದ್ಬಿಡು. ನನ್ನ ಕುದುರೆಗಾಡಿ ಇದೆ, ಬೇಡಾಂದ್ರೆ ಬಸ್ಸಿದೆ, ನಾನೂ ಬರ್ತೀನಿ."

"ಇದೇನ್ ನೆಂಟ್ರೇ, ನಿಮ್ಮ ಜೇನಿನ ಮೇಲೆ ನಿಮಗೇ ನಂಬಿಕೆ ಇಲ್ವಾ?"

ಅಮ್ಮ ತಮಾಷೆಗೆ ಅಂದದ್ದು. ಮಾಮ ನಗಲು ಹೋಗಿ ಕೆಮ್ಮಿದರು. ಚಹಾಕ್ಕೂ ನಿಲ್ಲಲಿಲ್ಲ.

ಮೊದಲ ಜಾಡಿ ಹಳೆಯದು, ಹಿಂದಿನ ವರ್ಷದ್ದು. ಅದು ಇರುವವರೆಗೆ ಗೆರೆ ಒಳಗೆ ಬರುತ್ತಿತ್ತು. ಹಾಳೆಯ ಮೇಲೆ ಹಾಳೆ ಇಟ್ಟು ಕಿಟಕಿಗೆ ಹಿಡಿದರೆ ಕಾಣುತ್ತಿತ್ತು, ಗಾಯ ಒಂದು ಕೂದಲೆಳೆಯಷ್ಟು ಚಿಕ್ಕದಾಗಿದೆ, ತಳ ಕೆಂಪಗೆ ಚೊಕ್ಕಟವಾಗಿದೆ. ನವೆಂಬರ್ ಮೊದಲ ವಾರ ಅದು ಮುಗಿಯಿತು. ಆ ಸೆಪ್ಟೆಂಬರಿನಲ್ಲಿ ಮಾಮ ತಂದಿದ್ದ ಹೊಸ ಜಾಡಿ ತೆರೆದೆ. ಬಣ್ಣ ಅದೇ ಕಂದು, ಮುಚ್ಚಳದ ಮೇಲೆ ಮಾಮನ ವಕ್ರ ಅಕ್ಷರ. ಒಳಗಿನದು ಓರೆ ಮಾಡಿದ ಕಡೆಗೆಲ್ಲ ಓಡುತ್ತಿತ್ತು. ಬೆರಳಿಗೆ ಹಚ್ಚಿ ನೆಕ್ಕಿದೆ. ಹೀದರಿನ ಒಗರಿಲ್ಲ, ಬರೀ ಸಿಹಿ, ಸುಟ್ಟ ಸಕ್ಕರೆಯ ಸಿಹಿ.

ಅಮ್ಮ ಆರು ವರ್ಷದಿಂದ ಜೇನು ಬಾಯಿಗಿಟ್ಟವಳಲ್ಲ. ಅವಳಿಗೆ ರುಚಿ ಗೊತ್ತಾಗುವ ಹಾಗಿರಲಿಲ್ಲ.

ಅಂದು ನನ್ನ ದಿನಚರಿ ಪುಸ್ತಕದಲ್ಲಿ, "ಜೇನು ಹರಿಯುತ್ತಿದೆ. ಮಾಮನನ್ನು ಕೇಳಬೇಕು" ಎಂದು ಬರೆದಿದ್ದೇನೆ. ಮಾರನೆಯ ದಿನದ ಪುಟದಲ್ಲಿ ಹವಾಮಾನದ ವಿಷಯ ಇದೆ.

ಹೊಸ ಜಾಡಿಯ ಎರಡನೆಯ ಭಾನುವಾರ ಗೆರೆ ಹೊರಗೆ ಹೋಯಿತು. ಮೂರನೆಯ ಭಾನುವಾರ ಇನ್ನೂ ಹೊರಗೆ. ಗಾಯದ ಅಂಚು ಬೆಳ್ಳಗೆ ನೆನೆದು, ತಳ ಬೂದಿ ಬಣ್ಣಕ್ಕೆ ತಿರುಗಿತ್ತು. ಬ್ರೊನೆ ತಾನೇ ಫೋನ್ ಮಾಡಿದಳು. ಆ ವಾರ ಅವಳ ಮೂರೂ ಹಳ್ಳಿಯಲ್ಲಿ ಜ್ವರ ಹರಡಿತ್ತು.

"ಹೇಗಿದೆಯೇ? ಗೆರೆ ಒಳಗೆ ಬಂತಾ?"

ಅಮ್ಮ ಎದುರಿಗೇ ಇದ್ದಳು. ಅಂಚೆಚೀಟಿ ನೆಕ್ಕುತ್ತಾ ನನ್ನ ಮುಖ ನೋಡುತ್ತಿದ್ದಳು, ಆಸ್ಪತ್ರೆ ಅಂದೀಯಾ ಜೋಕೆ ಎನ್ನುವ ಹಾಗೆ.

"ಹಾಗೇ ಇದೆ," ಎಂದೆ.

"ಹಾಗೇ ಅಂದ್ರೆ?"

"ಅಷ್ಟೇ ಇದೆ."

"ಸರಿ, ಮುಂದಿನ ವಾರ ಬರ್ತೀನಿ. ಜ್ವರ ಬಂದ್ರೆ ಮಾತ್ರ ಕಾಯಬೇಡ."

ಫೋನ್ ಇಟ್ಟ ಮೇಲೆ ನನಗೆ ತಡೆಯಲಾಗಲಿಲ್ಲ. ಕೋಟು ಹಾಕಿಕೊಂಡು ಜಿಗ್ಮಾಸ್ ಮಾಮನ ಮನೆಯ ಕಡೆ ಹೊರಟೆ. ಕಾಡಿನ ದಾರಿಯಲ್ಲಿ ಮುಕ್ಕಾಲು ಗಂಟೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಕಟ್ಟಿದೆ, ಒಡೆದೆ. ಮಾಮ, ಈ ಸಲದ ಜೇನು ಸ್ವಲ್ಪ ತೆಳುವಾಗಿದೆಯಲ್ವಾ. ಬೇಡ. ಮಾಮ, ಅಮ್ಮನ ಗಾಯ ಜಾಸ್ತಿಯಾಗಿದೆ, ಹಳೇ ಜೇನು ಏನಾದ್ರೂ ಉಳಿದಿದ್ಯಾ. ಇದು ಪರವಾಗಿಲ್ಲ. ಇದನ್ನು ಹೇಳಬಹುದು.

ಅವರು ಅಂಗಳದಲ್ಲಿ ಇರಲಿಲ್ಲ. ಹದಿಮೂರು ಗೂಡುಗಳೂ ಬೇಲಿಯ ಪಕ್ಕ ಸಾಲಾಗಿ ಹಿಮದ ಟೋಪಿ ಹಾಕಿಕೊಂಡು ಕೂತಿದ್ದವು. ಚಳಿಗಾಲದಲ್ಲಿ ಗೂಡಿನ ಗೋಡೆಗೆ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಯಿಟ್ಟರೆ ಒಳಗಿಂದ ಒಂದು ಗುಂಯ್ ಎದ್ದು ಮೆಲ್ಲಗೆ ಅಡಗುತ್ತದೆ. ಅಪ್ಪ ನನ್ನನ್ನು ಎತ್ತಿಕೊಂಡು ಕೇಳಿಸುತ್ತಿದ್ದರು. ಅಪ್ಪನ ನೀಲಿ ಗೂಡಿನ ಹತ್ತಿರ ಹೋಗಿ ತಟ್ಟಿದೆ. ಕಿವಿಯಿಟ್ಟೆ.

ಏನೂ ಇಲ್ಲ.

ಪಕ್ಕದ್ದನ್ನು ತಟ್ಟಿದೆ. ಅದರ ಪಕ್ಕದ್ದನ್ನು. ಬರೀ ಮರ. ಐದನೆಯದನ್ನು ತಟ್ಟುವಾಗ ಕೊಟ್ಟಿಗೆಯ ಹಿಂದೆ, ಸೂರಿನಡಿ ಹಿಮ ಬೀಳದ ಮರಳು ಕಣ್ಣಿಗೆ ಬಿತ್ತು. ಉದ್ದಕ್ಕೆ ಉಬ್ಬಿದ ಒಂದು ದಿಣ್ಣೆ, ತುದಿಗೆ ನೆಟ್ಟ ಜೂನಿಪರ್ ಕೊಂಬೆ ಒಣಗಿ ಕೆಂಪಾಗಿತ್ತು. ನಾವು ಸತ್ತ ಜೇನನ್ನು ಎಸೆಯುವುದಿಲ್ಲ. ಜೇನು ಸತ್ತಿತು ಎಂದು ಬಾಯಲ್ಲಿ ಅನ್ನುವುದೂ ಇಲ್ಲ, ತೀರಿಕೊಂಡಿತು ಎನ್ನುತ್ತೇವೆ, ಮನುಷ್ಯರಿಗೆ ಮಾಡುವ ಹಾಗೆ ಮಣ್ಣು ಮಾಡುತ್ತೇವೆ. ಕೊಂಬೆ ಒಣಗಿದ್ದನ್ನು ನೋಡಿದರೆ ಬೇಸಿಗೆಯಲ್ಲೇ ಆದದ್ದು. ಹೀದರ್ ಹೂ ಬಿಡುವ ಮೊದಲೇ.

ತಿರುಗಿದರೆ ಮಾಮ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ನನ್ನ ಕಿವಿಯ ಮೇಲೆ ಹಿಮದ ಪುಡಿ ಇತ್ತು, ಒರೆಸಿಕೊಳ್ಳಲೂ ಕೈ ಬರಲಿಲ್ಲ.

"ನಿದ್ದೆ ಮಾಡ್ತಿವೆ," ಎಂದರು.

"ಹೌದು ಮಾಮ," ಎಂದೆ.

"ಒಳಗೆ ಬಾ. ಬಕ್‌ವೀಟ್ ಕೇಕು ಬಿಸಿಯಾಗಿದೆ."

ಹೋಗಿ ಕೂತೆ. ಕೇಕು ತಿಂದೆ. ಅವರು ಅಮ್ಮನ ಕಾಲನ್ನು ವಿಚಾರಿಸಿದರು, ವಾಸಿಯಾಗ್ತಿದೆ ಎಂದೆ. ಹೊರಡುವಾಗ ಅವರು ಏನೋ ಹೇಳಲು ಬಾಯಿ ತೆರೆದು, ನನ್ನ ಕೊರಳಪಟ್ಟಿ ಸರಿಮಾಡಿ, "ಜಾರುತ್ತೆ, ನೋಡ್ಕೊಂಡು ಹೋಗು ಮಗು" ಎಂದರು. ಕೇಳಿದ್ದರೆ ಹೇಳಿಬಿಡುತ್ತಿದ್ದರು. ಅದು ನನಗೆ ಅಲ್ಲೇ, ಆ ಬಾಗಿಲಲ್ಲೇ ಗೊತ್ತಾಗಿತ್ತು. ಕೇಳಿದ ಮೇಲೆ ಅವರ ಮುಖ ನೋಡಬೇಕಾಗುತ್ತಿತ್ತಲ್ಲ, ಅದಕ್ಕೆ ಹೆದರಿದೆ. ಅಮ್ಮನ ಕಾಲು ಒಂದು ಕಡೆ, ಒಬ್ಬ ಮುದುಕನ ಮುಖ ಇನ್ನೊಂದು ಕಡೆ. ನಾನು ಎರಡನ್ನೂ ತೂಗಿ ನೋಡಲೇ ಇಲ್ಲ. ಸುಮ್ಮನೆ ನಡೆದು ಮನೆಗೆ ಬಂದೆ.

ಮಾರನೆಯ ಬೆಳಗ್ಗೆ ಮತ್ತೆ ಆ ಜಾಡಿಯಿಂದಲೇ ಕಟ್ಟಿದೆ. ಅದರ ಮಾರನೆಯ ಬೆಳಗ್ಗೆಯೂ. ಎಂಟು ಬೆಳಗ್ಗೆ.

ಒಂಬತ್ತನೆಯ ಬೆಳಗ್ಗೆ ಅಮ್ಮ ಅಂಚೆ ಚೀಲ ಹೆಗಲಿಗೆ ಹಾಕಿಕೊಂಡವಳು ಬಾಗಿಲು ಹಿಡಿದು ಕೂತಳು. ಮೈ ಕೆಂಡ. ಕಟ್ಟು ಬಿಚ್ಚಿದರೆ ಹೆಬ್ಬೆರಳು ಕಪ್ಪಾಗಿತ್ತು, ಪಾದದ ಮೇಲೆ ಕೆಂಪು ಗೆರೆ ಹತ್ತಿತ್ತು, ವಾಸನೆ ಬರುತ್ತಿತ್ತು. ಬ್ರೊನೆ ಬಂದವಳು ಅಮ್ಮನನ್ನು ಬೈಯಲಿಲ್ಲ, ಆಂಬುಲೆನ್ಸಿಗೆ ಫೋನ್ ಮಾಡಿ ಹಾಳೆಗಳನ್ನು ಕೇಳಿದಳು. ಕೊಟ್ಟೆ. ಒಂದರ ಮೇಲೊಂದು ಇಟ್ಟು ಕಿಟಕಿಗೆ ಹಿಡಿದಳು.

"ಹಾಗೇ ಇದೆ ಅಂದೆಯಲ್ಲೇ."

ನಾನು ಅಮ್ಮನ ಬಟ್ಟೆಗಳನ್ನು ಚೀಲಕ್ಕೆ ತುಂಬತೊಡಗಿದೆ.

ನಂಜು ಮೂಳೆಗೆ ತಗುಲಿತ್ತು. ಪೇಟೆಯ ಆಸ್ಪತ್ರೆಯಲ್ಲಿ ಮೊದಲು ಬೆರಳು ತೆಗೆದರು, ನಾಲ್ಕು ದಿನದ ಮೇಲೆ ಮೊಣಕಾಲಿನ ಕೆಳಗೆ ಕಾಲನ್ನೇ ತೆಗೆದರು. ವೈದ್ಯರು ಚಿಕ್ಕ ವಯಸ್ಸಿನವರು, ಒಳ್ಳೆಯವರು. ಜೇನಿನಿಂದ ಹೀಗಾಯಿತಾ ಎಂದು ಪಿಸುಗುಟ್ಟಿ ಕೇಳಿದೆ. "ಗಾಯಕ್ಕೆ ಜೇನು ನಾವೂ ಹಾಕ್ತೀವಿ, ಅದಕ್ಕೇ ಅಂತ ಬೇರೆ ಜೇನು ಇದೆ," ಎಂದರು. "ಹಾಕಿದ್ದಕ್ಕಿಂತ ಕಾದದ್ದು ಕೆಟ್ಟದ್ದು. ಹತ್ತು ದಿನ ಮೊದಲು ಬಂದಿದ್ರೆ ಬೆರಳಲ್ಲಿ ಮುಗೀತಿತ್ತೇನೋ." ಹತ್ತು ದಿನ. ನಾನು ಬೆರಳು ಮಡಚಿ ಎಣಿಸಿದೆ. ಮಾಮನ ಮನೆಯಲ್ಲಿ ಕೇಕು ತಿಂದ ದಿನಕ್ಕೆ ಒಂದೋ ಎರಡೋ ದಿನ ಹೆಚ್ಚು ಕಡಿಮೆ.

ಕ್ರಿಸ್‌ಮಸ್ ಹಿಂದಿನ ಸಂಜೆಯ ಊಟ ಆಸ್ಪತ್ರೆಯಲ್ಲೇ ಆಯಿತು. ಅಮ್ಮ ಆ ಸಂಜೆಯ ವಾಡಿಕೆಯ ಹನ್ನೆರಡು ಬಗೆ ಅಡುಗೆಯ ಬದಲು ಒಂದು ಹೆರ್ರಿಂಗ್ ಮೀನಿನ ತುಂಡು ತಿಂದು, "ಮಿಕ್ಕ ಹನ್ನೊಂದನ್ನು ಆ ಕಾಲು ತಗೊಂಡ್ ಹೋಯ್ತು" ಎಂದು ಪಕ್ಕದ ಹಾಸಿಗೆಯವಳನ್ನು ನಗಿಸಿದಳು. ನನ್ನನ್ನೂ ನೋಡಿ ನಕ್ಕಳು. ಅವಳಿಗೆ ಇನ್ನೂ ಏನೂ ಗೊತ್ತಿರಲಿಲ್ಲ.

ಜನವರಿಯಲ್ಲಿ ಮನೆಗೆ ಬಂದೆವು. ಮೊಂಡುಗಾಲಿಗೆ ದಿನಾ ಕಟ್ಟು ಬದಲಿಸುವುದನ್ನು ಬ್ರೊನೆ ನನಗೆ ಕಲಿಸಿದ್ದಳು. ಮೊದಲ ಮೂರು ದಿನ ನಾನೇ ಬದಲಿಸಿದೆ. ನಾಲ್ಕನೆಯ ದಿನ ಜಿಗ್ಮಾಸ್ ಮಾಮ ಬಂದರು. ಬರಿಗೈ. ಟೋಪಿ ತೆಗೆದು ಬಾಗಿಲ ಬಳಿಯೇ ನಿಂತರು.

"ಬನ್ನಿ ನೆಂಟ್ರೇ, ಕೂತ್ಕೊಳ್ಳಿ. ಪೋಲ್ಕಾ ಬಾಕಿ ಇದೆ ಅಂತ ಹೆದರ್ಬೇಡಿ," ಎಂದಳು ಅಮ್ಮ.

ಅವರು ಕೂರಲಿಲ್ಲ. "ಸ್ತೆಫಾ, ಜೇನು ತೀರಿಕೊಂಡ್ವು. ಜುಲೈನಲ್ಲೇ. ಜೇನಿಗೆ ಹತ್ತೋ ಉಣ್ಣೆಹುಳಕ್ಕೆ ಇಡೋ ಔಷಧಿ ಬಿಸಿಲಿನ ದಿನ ಇಟ್ಬಿಟ್ಟೆ, ಅಳತೆನೂ ತಪ್ತು. ಹದಿಮೂರೂ ಹೋದ್ವು. ನಿಮ್ಮ ನಾಲ್ಕೂ. ನಿಂಗೆ ಕೊಟ್ಟದ್ದು ಸಂತೇಲಿ ಕೊಂಡದ್ದು. ಅದು ಜೇನೋ, ಪಾಕವೋ, ಆ ಮಾರಿದವನಿಗೇ ಗೊತ್ತು."

ಅಮ್ಮ ಮೇಜುಬಟ್ಟೆಯ ಅಂಚನ್ನು ಮಡಿಸಿದಳು. ಆಮೇಲೆ, "ಎಲ್ಲಿ ಮಣ್ಣು ಮಾಡಿದ್ರಿ?" ಎಂದಳು.

"ಕೊಟ್ಟಿಗೆ ಹಿಂದೆ."

"ಒಬ್ರೇನಾ?"

"ಒಬ್ನೇ."

"ನನ್ನ ಕರೀಬಾರ್ದಿತ್ತಾ? ನಮ್ಮವೂ ನಾಲ್ಕಿದ್ವಲ್ಲ. ಬಂದು ಒಂದು ಹಿಡಿ ಮಣ್ಣು ಹಾಕ್ತಿದ್ದೆ."

ಮಾಮ ಅಳುತ್ತಿದ್ದರು. ಅರವತ್ತೆಂಟು ವರ್ಷದ ಮನುಷ್ಯ, ಟೋಪಿಯಲ್ಲಿ ಮೂಗು ಒರೆಸಿಕೊಂಡರು. "ನಾಚಿಕೆ ಆಯ್ತು ಸ್ತೆಫಾ. ಆಮೇಲೆ ಮಗು ಬಂದು ಗೂಡಿಗೆ ಕಿವಿಯಿಟ್ಟು ಕೇಳಿದ್ದು ನೋಡಿದೆ. ಅಂದೇ ನಿಂಗೆ ಹೇಳಿರ್ತಾಳೆ ಅಂದ್ಕೊಂಡೆ. ಗೊತ್ತಾಗಿಯೂ ನನ್ನ ಮಾನ ಕಾಯೋಕೆ ನೀನು ಬಾಯಿ ಬಿಡ್ತಿಲ್ಲ, ಜೇನು ನಿಲ್ಸಿರ್ತೀಯ ಅಂತ ಧೈರ್ಯವಾಗಿದ್ದೆ. ಇಲ್ದಿದ್ರೆ ಮಾರನೇ ದಿನವೇ ಬಂದು ಕಾಲಿಗೆ ಬೀಳ್ತಿದ್ದೆ."

ಅಮ್ಮ ತಲೆಯೆತ್ತಿ ನನ್ನ ಕಡೆ ನೋಡಿದಳು. ನಾನು ಒಲೆಯ ಪಕ್ಕ ಹೊಸ ಬಟ್ಟೆಯ ಸುರುಳಿ ಹಿಡಿದು ನಿಂತಿದ್ದೆ, ಕಟ್ಟು ಬದಲಿಸುವ ಹೊತ್ತಾಗಿತ್ತು.

"ಕಿವಿಯಿಟ್ಟು ಕೇಳಿದ್ಯಾ?"

"ಹೂಂ."

"ಯಾವತ್ತು?"

ಹೇಳಿದೆ.

"ಆಮೇಲೂ ಅದನ್ನೇ ಕಟ್ಟಿದೆ."

"ಅಮ್ಮ..."

"ಸೋರ್ತಿದೆ ಯಾಕೆ ಅಂತ ನಾನು ಕೇಳಿದ್ನಲ್ಲೇ." ಅವಳ ದನಿ ಏರಲಿಲ್ಲ. ಅಂಚೆ ಕಚೇರಿಯಲ್ಲಿ ವಿಳಾಸ ತಪ್ಪಾದ ಕಾಗದವನ್ನು ಓದುವ ದನಿ. "ನಂಗೆ ಕಣ್ಣು ಸರಿಯಾಗಿ ಕಾಣ್ಸಲ್ಲ, ಬಾಯಿಗೆ ಇಡೋ ಹಾಗಿಲ್ಲ, ಪಾದಕ್ಕೆ ಸ್ಪರ್ಶ ಇಲ್ಲ. ಏನೋ ಸರಿ ಇಲ್ಲ ಅಂತ ಒಂದೊಂದ್ಸಲ ಅನ್ನಿಸ್ತಿತ್ತು. ಓದಿದವಳು ದಿನಾ ಕೂತು ಹಚ್ತಾಳೆ, ಸರಿಯಿಲ್ದಿದ್ರೆ ಹೇಳ್ತಿರ್ಲಿಲ್ವಾ ಅಂದ್ಕೊಂಡೆ."

ಮಾಮ ನನ್ನ ಪರವಾಗಿ ಏನೋ ಹೇಳಹೊರಟರು. ಅಮ್ಮ ಕೈಯೆತ್ತಿ ತಡೆದಳು. "ನೀವು ಕೂತ್ಕೊಳ್ಳಿ ನೆಂಟ್ರೇ. ನೀವು ತಪ್ಪು ಮಾಡಿದ್ರಿ, ಬಂದು ಹೇಳಿದ್ರಿ. ಮುಗೀತು." ಆಮೇಲೆ ಪೆಟ್ಟಿಗೆಯ ಮೇಲಿದ್ದ ಫೋನನ್ನು ಎಳೆದುಕೊಂಡು ಬ್ರೊನೆಗೆ ಮಾಡಿದಳು. "ನೀನೇ ಬಂದು ಕಟ್ಟು ಹಾಕಿ ಹೋಗೇ. ಹೌದು, ದಿನಾ. ದೂರ ಅಂತ ಗೊತ್ತು. ಇಲ್ಲ, ಅವಳ ಕೈಲಿ ಬೇಡ."

ಈಗ ಮಾರ್ಚ್. ಮಾಮ ಭಾನುವಾರ ಭಾನುವಾರ ಬರುತ್ತಾರೆ. ಮೇ ತಿಂಗಳಲ್ಲಿ ಪಕ್ಕದ ಹಳ್ಳಿಯಿಂದ ಎರಡು ಹಿಂಡು ತರುವ ಮಾತು ನಡೆದಿದೆ, ಒಂದು ಅವರಿಗೆ, ಒಂದು ನಮಗೆ. ಇಬ್ಬರೂ ನಗುವುದು ಅಡುಗೆಮನೆಗೆ ಕೇಳಿಸುತ್ತದೆ. ಅಮ್ಮ ನನ್ನ ಜೊತೆಯೂ ಮಾತಾಡುತ್ತಾಳೆ, ಸೂಪಿಗೆ ಉಪ್ಪು ಕಡಿಮೆ, ಕಿಟಕಿ ಹಾಕು, ಸೌದೆ ತಾ. ಬೈಯುವುದಿಲ್ಲ. ಬೈದರೆ ಅಳಬಹುದಿತ್ತು.

ಇವತ್ತು ಏಳು ಗಂಟೆಗೇ ಅವಳ ಕಟ್ಟು ಒದ್ದೆಯಾಗಿತ್ತು. ಹೊದಿಕೆಯ ಮೇಲೆ ಕಲೆ ಕಂಡಿತು. ಬಾಗಿಲಲ್ಲಿ ನಿಂತು, ಎರಡು ಸಲ ಗಂಟಲು ಸರಿಮಾಡಿಕೊಂಡು, "ನಾನು ಬದಲಿಸ್ಲಾ ಅಮ್ಮ?" ಎಂದೆ.

"ಬ್ರೊನೆ ಬರ್ತಾಳೆ."

ಬ್ರೊನೆ ಬರುವುದು ಹನ್ನೊಂದಕ್ಕೆ.